ನೂರು ಕಾಳು ಎಣಿಸುವ ಹಣ

ಮೇ ತಿಂಗಳ ಕೊನೆಯ ವಾರ. ರೋಹಿಣಿ ಮಳೆ ಒಂದು ಹದ ಸುರಿದು ಬಿಟ್ಟಿದೆ. ಶಿರಸಿ ತಾಲ್ಲೂಕಿನ ದಾಸನಕೊಪ್ಪದ ಒಂದು ಮನೆಯ ಜಗುಲಿಯಲ್ಲಿ ಇಬ್ಬರು ಕೂತಿದ್ದಾರೆ. ಒಬ್ಬರು ಕೃಷಿ ಸಂಶೋಧನಾ ಕೇಂದ್ರವೊಂದರಲ್ಲಿ 31 ವರ್ಷ ಕ್ಷೇತ್ರ ಸಹಾಯಕರಾಗಿದ್ದು ನಿವೃತ್ತರಾದ ಕಾಕಾ. ಇನ್ನೊಬ್ಬಳು ಅವರ ಅಣ್ಣನ ಮಗಳು, ವಿಶ್ವವಿದ್ಯಾಲಯವೊಂದರಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ವಿಷಯ ಕಲಿಸುವ ಸಹಾಯಕ ಪ್ರಾಧ್ಯಾಪಕಿ. ಕಾಕಾನ ಮುಂದೆ ಒದ್ದೆ ಗೋಣಿತಾಟು. ಮಗಳ ಮಡಿಲಲ್ಲಿ ಅರ್ಧ ತುಂಬಿದ ಅರ್ಜಿ.

ಕಾಕಾ: ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು. ಹಾಂ, ಈಗ ಮಾತಾಡು ತಂಗಿ. ಎಣಿಸುವಾಗ ಮಾತಾಡಿದರೆ ಲೆಕ್ಕ ತಪ್ಪುತ್ತದೆ.

ಮಗಳು: ಇದು ಈ ವರ್ಷದ ಬೀಜದ ಭತ್ತವಾ ಕಾಕಾ?

ಕಾಕಾ: ಹೌದು. ಎರಡು ಚೀಲ ತೆಗೆದಿಟ್ಟಿದ್ದೆ. ಒಂದು ಅಟ್ಟದ ಮೇಲೆ, ಇನ್ನೊಂದು ಹಿಂದಿನ ಕೋಣೆಯಲ್ಲಿ. ಹಿಂದಿನ ಕೋಣೆಯದ್ದನ್ನು ಐದು ದಿನದ ಹಿಂದೆಯೇ ನೆನೆಸಿ ಕಟ್ಟಿದ್ದೇನೆ, ಇವತ್ತು ಬಿಚ್ಚಿ ನೋಡಬೇಕು. ಇದು ಅಟ್ಟದ್ದು. ನೂರು ಕಾಳಿನಲ್ಲಿ ಎಂಬತ್ತು ಮೊಳೆತರೆ ಧೈರ್ಯವಾಗಿ ಬಿತ್ತಬಹುದು. ಪ್ರಮಾಣಿತ ಭತ್ತದ ಬೀಜಕ್ಕೆ ಸರ್ಕಾರ ಇಟ್ಟ ಗಡಿಯೂ ನೂರಕ್ಕೆ ಎಂಬತ್ತೇ. ಅದಿರಲಿ, ಬಂದಾಗಿನಿಂದ ಆ ಕಾಗದ ಹಿಡಿದುಕೊಂಡು ಮುಖ ಸಣ್ಣ ಮಾಡಿಕೊಂಡಿದ್ದೀಯಲ್ಲ, ಏನದು?

ಮಗಳು: ಬೀಜಧನದ ಅರ್ಜಿ. ಸೀಡ್ ಮನಿ ಅಂತಾರೆ. ಹೊಸ ಯೋಚನೆ ಇದ್ದವರಿಗೆ ವಿಶ್ವವಿದ್ಯಾಲಯ ತನ್ನ ಬೊಕ್ಕಸದಿಂದಲೇ ಸಣ್ಣ ಮೊತ್ತ ಕೊಡುತ್ತದೆ. ಒಂದು ವರ್ಷದಲ್ಲಿ ಕೆಲಸ ಮಾಡಿ ತೋರಿಸಬೇಕು.

ಕಾಕಾ: ಹೊರಗೆ ದಿಲ್ಲಿ, ಬೆಂಗಳೂರಿನಿಂದ ದೊಡ್ಡ ದೊಡ್ಡ ಅನುದಾನ ಬರುತ್ತದಲ್ಲ? ಅದನ್ನು ಬಿಟ್ಟು ಇದು ಯಾಕೆ?

ಮಗಳು: ಬರುತ್ತದೆ, ಇಲ್ಲ ಅಂತಲ್ಲ. ಹೊಸದಾಗಿ ಸೇರಿದ ವಿಜ್ಞಾನದ ಅಧ್ಯಾಪಕರಿಗೆ ಯುಜಿಸಿಯ 10 ಲಕ್ಷ ರೂಪಾಯಿಯ ಆರಂಭಿಕ ಅನುದಾನದ ಯೋಜನೆ ಇತ್ತು. ನಮ್ಮ ರಾಜ್ಯದ ವಿಷನ್ ಗ್ರೂಪ್ ಆನ್ ಸೈನ್ಸ್ ಆಂಡ್ ಟೆಕ್ನಾಲಜಿ ತರುಣ ವಿಜ್ಞಾನಿಗಳಿಗೆ ಅಂತಲೇ ಬೀಜಧನದ ಯೋಜನೆ ಮಾಡಿತು. 2023ರಲ್ಲಿ ಸಂಸತ್ತು ಕಾಯ್ದೆ ಮಾಡಿದ ಮೇಲೆ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವೂ ಬಂದಿದೆ. ಆದರೆ ದೊಡ್ಡ ಅನುದಾನಕ್ಕೆ ಅರ್ಜಿ ಹಾಕಿದಾಗ ಮೊದಲು ಕೇಳುವುದು, ಇಲ್ಲಿಯವರೆಗೆ ಏನು ಮಾಡಿದ್ದೀರಿ, ಪ್ರಾಥಮಿಕ ಫಲಿತಾಂಶ ಎಲ್ಲಿದೆ ಅಂತ. ಫಲಿತಾಂಶ ಬೇಕಾದರೆ ಪ್ರಯೋಗ ಮಾಡಬೇಕು. ಪ್ರಯೋಗಕ್ಕೆ ಹಣ ಬೇಕು. ಹಣ ಬೇಕಾದರೆ ಫಲಿತಾಂಶ ಬೇಕು.

ಕಾಕಾ: ಈಜು ಬಂದ ಮೇಲೆ ನೀರಿಗೆ ಇಳಿ ಅಂದ ಹಾಗಾಯಿತು.

ಮಗಳು: ಅದಕ್ಕೇ ವಿಶ್ವವಿದ್ಯಾಲಯದ ಮನೆಯೊಳಗಿನ ಹಣವೇ ಬೇಕಾಗುವುದು. ಮೊದಲ ಮೊಳ ನೀರಿಗೆ ಇಳಿಸುವುದು ಅದೇ. ನಾನು ಏನು ಬರೆಯಬೇಕು ಅಂದುಕೊಂಡಿದ್ದೇನೆ ಗೊತ್ತಾ? ನೀವು ಹೇಳಿದ ಅಡಿಕೆ ಸಿಪ್ಪೆಯ ಮಾತು.

ಕಾಕಾ: ಅದನ್ನಾ? ಅದು ನಾನು ಕಣ್ಣಿಂದ ನೋಡಿದ್ದು ಅಷ್ಟೇ ತಂಗಿ. ವಿಜ್ಞಾನ ಅಲ್ಲ.

ಮಗಳು: ಇನ್ನೊಮ್ಮೆ ಹೇಳಿ. ಈ ಸಲ ಬರೆದುಕೊಳ್ಳುತ್ತೇನೆ.

ಕಾಕಾ: ನಮ್ಮ ಈ ಕಡೆ ಅರೆಮಲೆನಾಡು. ನಾನು ಹುಡುಗನಾಗಿದ್ದಾಗ ಕಣ್ಣು ಹಾಯಿಸಿದಷ್ಟು ದೂರ ಭತ್ತದ ಗದ್ದೆ. ಈಗ ಎಷ್ಟೋ ಗದ್ದೆ ತೋಟವಾಯಿತು. ಸುಲಿಯುವ ಯಂತ್ರ ಬಂದ ಮೇಲೆ ಸಿಪ್ಪೆ ಒಂದೇ ಕಡೆ ಗುಡ್ಡೆ ಬೀಳುತ್ತದೆ. ಅದು ಬೇಗ ಕೊಳೆಯುವ ಪದಾರ್ಥ ಅಲ್ಲ, ನಾರು ಗಟ್ಟಿ. ಹೀಗಾಗಿ ರಸ್ತೆ ಬದಿ ಸುರಿದು ಬೆಂಕಿ ಕೊಡುತ್ತಾರೆ, ದಿನಗಟ್ಟಲೆ ಹೊಗೆ. ನಮ್ಮ ಕೊಟ್ಟಿಗೆಯ ಹಿಂದೆ ಒಂದು ವರ್ಷ ಎರಡು ಗುಡ್ಡೆ ಬಿದ್ದಿತ್ತು. ಒಂದು ಒಣಗಿದ ಜಾಗದಲ್ಲಿ. ಇನ್ನೊಂದು ಗಂಜಲ ಹರಿದು ಹೋಗುವ ದಾರಿಯಲ್ಲಿ, ಹಲಸಿನ ಮರದ ನೆರಳಿಗೆ. ಮಳೆಗಾಲ ಮುಗಿಯುವಾಗ ಮೊದಲನೆಯದು ಹಾಗೇ ಇತ್ತು. ಎರಡನೆಯದರ ಒಳಗೆಲ್ಲ ಬಿಳಿ ಬೂಷ್ಟು ಬಲೆ ಕಟ್ಟಿತ್ತು, ಕೈಯಲ್ಲಿ ಹಿಚುಕಿದರೆ ಮೆತ್ತಗೆ ಪುಡಿಯಾಗುತ್ತಿತ್ತು. ಆ ಬೂಷ್ಟು ತೆಗೆದು ಒಣ ಗುಡ್ಡೆಗೆ ಹಾಕಿದರೆ ಅದೂ ಕೊಳೆಯಬಹುದಾ? ಕೆಲಸ ಮಾಡಿದ್ದು ನೆರಳೋ, ಗಂಜಲವೋ, ಬೂಷ್ಟೋ? ಇದನ್ನು ನೋಡಬೇಕು ಅಂತ ಆಗ ನಮ್ಮ ಕೇಂದ್ರದಲ್ಲಿ ಕೇಳಿದ್ದೆ.

ಮಗಳು: ಏನಂದರು?

ಕಾಕಾ: ಯೋಜನೆ ಹಾಕುವುದು ವಿಜ್ಞಾನಿಗಳು, ನೀನು ಕ್ಷೇತ್ರ ಸಹಾಯಕ ಅಂದರು. ನಿಯಮ ಹಾಗಿತ್ತು, ಹೇಳಿದವರು ಕೆಟ್ಟವರಲ್ಲ. ಆದರೆ ಆಮೇಲೆ ನಾನು ಏನನ್ನೂ ಕೇಳಲಿಲ್ಲ. ಅದೇ ನನಗೆ ಇವತ್ತಿಗೂ ಬೇಜಾರು. ಒಂದು ಸಲ ಬಾಯಿ ಮುಚ್ಚಿಸಿದರೆ ಮನುಷ್ಯ ನೋಡುವುದನ್ನೇ ನಿಲ್ಲಿಸಿಬಿಡುತ್ತಾನೆ.

ಮಗಳು: ಈಗಲೂ ನಿಯಮ ಬಹಳ ಬದಲಾಗಿಲ್ಲ ಕಾಕಾ. ವಿಶ್ವವಿದ್ಯಾಲಯಗಳ ಮೌಲ್ಯಮಾಪನ ಮಾಡುವ ನ್ಯಾಕ್ ಅಂತ ಒಂದು ಸಂಸ್ಥೆ ಇದೆ. ಸಂಶೋಧನೆಯ ವಿಭಾಗದಲ್ಲಿ ಅದು ವಿಶ್ವವಿದ್ಯಾಲಯಗಳಿಗೆ ಕೇಳುತ್ತಾ ಬಂದ ಒಂದು ಪ್ರಶ್ನೆ, ನಿಮ್ಮ ಅಧ್ಯಾಪಕರಿಗೆ ವರ್ಷಕ್ಕೆ ಸರಾಸರಿ ಎಷ್ಟು ಲಕ್ಷ ಬೀಜಧನ ಕೊಟ್ಟಿರಿ ಅಂತ. ಆ ಪ್ರಶ್ನೆಯಿಂದ ಉಪಕಾರವಾಗಿದೆ. ಅಂಕ ಸಿಗುತ್ತದೆ ಅಂತಾದರೂ ಎಷ್ಟೋ ಕಡೆ ಇಂಥ ಯೋಜನೆ ಹುಟ್ಟಿಕೊಂಡಿತು. ಆದರೆ ಪ್ರಶ್ನೆಯಲ್ಲಿ ಅಧ್ಯಾಪಕರು ಮಾತ್ರ ಇದ್ದಾರೆ. ಪ್ರಯೋಗಾಲಯದ ಸಹಾಯಕರಿಲ್ಲ, ಗ್ರಂಥಪಾಲಕರಿಲ್ಲ, ತೋಟದ ಮೇಲ್ವಿಚಾರಕರಿಲ್ಲ. ಎಷ್ಟು ಕೊಟ್ಟಿರಿ ಅಂತ ಇದೆ. ಅದರಿಂದ ಏನು ತಿಳಿಯಿತು ಅನ್ನುವುದು ಆ ಲೆಕ್ಕದಲ್ಲಿಲ್ಲ.

ಕಾಕಾ: ಎಷ್ಟು ಚೀಲ ಬೀಜ ಹಂಚಿದಿರಿ ಅಂತ ಕೇಳಿ, ಎಷ್ಟು ಮೊಳೆಯಿತು ಅಂತ ಕೇಳದೆ ಹೋದ ಹಾಗೆ.

ಮಗಳು: ಹೌದು. ಸರ್ ಸಿ. ವಿ. ರಾಮನ್ ಅವರ ಕಥೆಯ ಒಂದು ಮೂಲೆ ನಿಮಗೆ ಹೇಳಬೇಕು. ಕಲ್ಕತ್ತೆಯ ಇಂಡಿಯನ್ ಅಸೋಸಿಯೇಷನ್ ಪ್ರಯೋಗಾಲಯದಲ್ಲಿ ಅವರಿಗೆ ಆಶುತೋಷ್ ದೇ ಎಂಬ ಸಹಾಯಕರಿದ್ದರು. ಎಲ್ಲರೂ ಆಶು ಬಾಬು ಅನ್ನುತ್ತಿದ್ದರು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಪಿಟೀಲು, ತಂತಿವಾದ್ಯಗಳ ನಾದದ ಮೇಲೆ ರಾಮನ್ ಮಾಡಿದ ಪ್ರಯೋಗಗಳಲ್ಲಿ ಅವರ ಕೈ ಇತ್ತು. ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅವರೊಬ್ಬರ ಹೆಸರಿನಲ್ಲೇ ಒಂದು ಪ್ರಬಂಧ ಅಚ್ಚಾಯಿತು.

ಕಾಕಾ: ಸಹಾಯಕನ ಹೆಸರಿನಲ್ಲಿ?

ಮಗಳು: ಸಹಾಯಕನ ಹೆಸರಿನಲ್ಲಿ. ನೂರು ವರ್ಷದ ಹಿಂದೆ ಆದದ್ದು ಈಗ ಯಾಕೆ ಆಗಬಾರದು?

ಕಾಕಾ: ಆಗಬೇಕು. ಆದರೆ ಅಡಿಕೆ ಸಿಪ್ಪೆಯಂಥ ಸಣ್ಣ ವಿಷಯ ಹಿಡಿದುಕೊಂಡು ಹೋದರೆ ನಿನ್ನ ಸಮಿತಿಯವರು ಏನನ್ನುತ್ತಾರೋ.

ಮಗಳು: ಸಣ್ಣ ವಿಷಯ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಮೊದಲೇ ಯಾರಿಗೆ ಗೊತ್ತಿರುತ್ತದೆ ಕಾಕಾ? ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1933ರ ಫೆಬ್ರವರಿಯಲ್ಲಿ ಒಬ್ಬ ರೈತ ಸುರಿಯುವ ಹಿಮದಲ್ಲಿ ಸುಮಾರು 300 ಕಿಲೋಮೀಟರ್ ಗಾಡಿ ಓಡಿಸಿಕೊಂಡು ಮ್ಯಾಡಿಸನ್ ಊರಿಗೆ ಬಂದ. ಗಾಡಿಯಲ್ಲಿ ಸತ್ತ ಕಡಸು, ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತ, ಜೊತೆಗೆ ಬೂಷ್ಟು ಹಿಡಿದ ಮೇವು. ಪಶುವೈದ್ಯರ ಕಚೇರಿ ಶನಿವಾರ ಮುಚ್ಚಿತ್ತು. ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದ ಬಾಗಿಲು ತೆರೆದಿತ್ತು, ಅಲ್ಲಿಗೇ ಹೋದ. ಕಾರ್ಲ್ ಪಾಲ್ ಲಿಂಕ್ ಎಂಬ ಪ್ರಾಧ್ಯಾಪಕರು ಆ ಮೇವಿನ ಬೆನ್ನು ಹತ್ತಿದರು. ಕೆಟ್ಟ ಮೇವಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಸ್ತು ಯಾವುದು ಅಂತ ಬೇರ್ಪಡಿಸಿ ತಿಳಿಯುವುದಕ್ಕೆ ಆರೇಳು ವರ್ಷ ಹಿಡಿಯಿತು.

ಕಾಕಾ: ಆರೇಳು ವರ್ಷ! ಅಷ್ಟು ದಿನ ಯಾರು ತಡೆದುಕೊಂಡರು?

ಮಗಳು: ಅದೇ ಮುಖ್ಯ. ಅಲ್ಲಿ 1925ರಲ್ಲೇ ವಾರ್ಫ್ ಅಂತ ಒಂದು ಪ್ರತಿಷ್ಠಾನ ಕಟ್ಟಿದ್ದರು. ಹ್ಯಾರಿ ಸ್ಟೀನ್‌ಬಾಕ್ ಎಂಬ ಪ್ರಾಧ್ಯಾಪಕರು ಆಹಾರದಲ್ಲಿ ಡಿ ಜೀವಸತ್ವ ಹೆಚ್ಚಿಸುವ ವಿಧಾನ ಕಂಡುಹಿಡಿದಿದ್ದರು. ಆ ವಿಧಾನದ ಪೇಟೆಂಟ್ ಹಕ್ಕಿನಿಂದ ಬರುವ ಗಳಿಕೆ ಅದೇ ವಿಶ್ವವಿದ್ಯಾಲಯದ ಸಂಶೋಧನೆಗೆ ತಿರುಗಿ ಹೋಗಲಿ ಅಂತ ಆ ಏರ್ಪಾಡು. ಲಿಂಕ್ ಅವರ ಕೆಲಸಕ್ಕೂ ಅದರ ಆಸರೆ ಇತ್ತು. ಆ ಮೇವಿನ ಜಾಡಿನಿಂದ ಕೊನೆಗೆ ಹುಟ್ಟಿದ ಔಷಧಕ್ಕೆ ಪ್ರತಿಷ್ಠಾನದ ಹೆಸರನ್ನೇ ಸೇರಿಸಿ ವಾರ್ಫರಿನ್ ಅಂತ ಕರೆದರು. 1948ರಲ್ಲಿ ಇಲಿ ಪಾಷಾಣವಾಗಿ ಬಂತು. 1954ರ ಹೊತ್ತಿಗೆ ಮನುಷ್ಯರಿಗೂ ಔಷಧವಾಯಿತು.

ಕಾಕಾ: ಹೃದಯದ ಕವಾಟ ಬದಲಿಸಿದವರಿಗೆ ಕೊಡುತ್ತಾರಲ್ಲ, ರಕ್ತ ತೆಳು ಆಗುವ ಮಾತ್ರೆ?

ಮಗಳು: ಅದೇ ಕಾಕಾ. ಬೂಷ್ಟು ಹಿಡಿದ ಮೇವಿನಿಂದ ಅಲ್ಲಿಯವರೆಗೆ. ಅಲ್ಲಿ ಇದ್ದದ್ದು ಎರಡು. ರೈತ ಬಂದಾಗ ತೆರೆದಿದ್ದ ಬಾಗಿಲು, ಮತ್ತೆ ಮನೆಯೊಳಗೇ ಇದ್ದ ಹಣ.

ಕಾಕಾ: ಅದು ಸಿರಿವಂತ ದೇಶ ತಂಗಿ. ನಮ್ಮಲ್ಲಿ ಹೀಗೆ ಆದದ್ದು ಇದೆಯಾ?

ಮಗಳು: ಇದೆ, ಕರ್ನಾಟಕದಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿ ಎಂಬ ಪ್ರಾಧ್ಯಾಪಕರಿದ್ದರು. ವಿದ್ಯುದ್ರಸಾಯನ ಅವರ ವಿಷಯ. ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡಬೇಕು ಅಂತ ಅವರಿಗೆ ಅನ್ನಿಸಿತು. ಆಗ ನಿರ್ದೇಶಕರಾಗಿದ್ದವರು ಸತೀಶ್ ಧವನ್. ಒಲೆ, ಸಗಣಿ, ಕಟ್ಟಿಗೆ ಇವೆಲ್ಲ ನಮ್ಮ ಸಂಸ್ಥೆಯ ಕೆಲಸವಲ್ಲ ಅನ್ನಲಿಲ್ಲ, ಜಾಗ ಕೊಟ್ಟರು. 1974ರಲ್ಲಿ ಅಸ್ತ್ರ ಎಂಬ ಘಟಕ ಶುರುವಾಯಿತು. ಆಮೇಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರ ಬಂತು.

ಕಾಕಾ: ಅಸ್ತ್ರ ಒಲೆ! ನಮ್ಮೂರ ಕಡೆಗೂ ಅದರ ಹೆಸರು ಬಂದಿತ್ತು.

ಮಗಳು: ಒಲೆ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಪುರ ಎಂಬ ಹಳ್ಳಿಯ ಕಥೆ. ಅದೂ ಕುಣಿಗಲ್ ಕಡೆಯದ್ದೇ. ಊರಿನ ಸಗಣಿಯೆಲ್ಲ ಸೇರಿಸಿ ಒಂದೇ ಅನಿಲ ಸ್ಥಾವರ ಮಾಡಿ, ಮನೆಮನೆಗೆ ಅಡುಗೆ ಅನಿಲ ಕೊಡಬೇಕು ಅನ್ನುವುದು ಮೊದಲ ಯೋಚನೆ. ಅದು ನಡೆಯಲಿಲ್ಲ. ಅನಿಲ ಎಲ್ಲರಿಗೂ ಸಾಲಲಿಲ್ಲ.

ಕಾಕಾ: ಕಾಗದದಲ್ಲಿ ದನ ಸಗಣಿ ಹಾಕುವ ಲೆಕ್ಕವೇ ಬೇರೆ, ಕೊಟ್ಟಿಗೆಯ ಲೆಕ್ಕವೇ ಬೇರೆ.

ಮಗಳು: ಅಲ್ಲಿಗೆ ಕಡತ ಮುಚ್ಚಿಬಿಡಬಹುದಿತ್ತು. ಅವರು ಮುಚ್ಚಲಿಲ್ಲ, ಊರವರನ್ನು ಕೇಳಿದರು. ಅವರಿಗೆ ಅಡುಗೆಗಿಂತ ಮೊದಲು ಬೇಕಾಗಿದ್ದದ್ದು ನೀರು. ಆಗ ಅದೇ ಅನಿಲದಿಂದ ಎಂಜಿನ್ ಓಡಿಸಿ, ಕರೆಂಟು ಮಾಡಿ, ಕೊಳವೆಬಾವಿಯ ನೀರನ್ನು ನಲ್ಲಿಗೆ ತಂದರು, ಮನೆಗಳಿಗೆ ದೀಪ ಕೊಟ್ಟರು. 1987ರಿಂದ ಅದು ನಡೆಯಿತು. ಸಗಣಿ ಕೊಟ್ಟವರಿಗೆ ಬಗ್ಗಡ ಗೊಬ್ಬರವಾಗಿ ತಿರುಗಿ ಸಿಗುತ್ತಿತ್ತು.

ಕಾಕಾ: ಅಂದರೆ ಮೊದಲ ಸಲ ಸೋತದ್ದು ಸೋಲಲ್ಲ.

ಮಗಳು: ನಾವು ಅದನ್ನು ಬರೆಯುವುದೇ ಇಲ್ಲ ಕಾಕಾ. ಇಲ್ಲಿ ನೋಡಿ, ಈ ಅರ್ಜಿಯ ಕೊನೆಯ ಅಂಕಣ. ನಿರೀಕ್ಷಿತ ಫಲಿತಾಂಶ ಅಂತ ಇದೆ. ಎಲ್ಲರೂ ಗೆದ್ದೇ ಗೆಲ್ಲುತ್ತೇವೆ ಅಂತ ಬರೆಯುತ್ತಾರೆ. ವರ್ಷದ ಕೊನೆಗೆ ಗೆದ್ದಿದ್ದೇವೆ ಅಂತಲೇ ವರದಿ ಕೊಡುತ್ತಾರೆ. ಹೀಗಾಗಿ ಗೆಲ್ಲುವುದು ಖಾತ್ರಿ ಇರುವ ಕೆಲಸವನ್ನೇ ಎಲ್ಲರೂ ಆರಿಸಿಕೊಳ್ಳುತ್ತಾರೆ. ನಾನೂ ಅದಕ್ಕೇ ಬೇರೊಂದು ಹಳೆಯ ಕೆಲಸವನ್ನು ಸ್ವಲ್ಪ ತಿದ್ದಿ ಬರೆಯೋಣ ಅಂತ ಹೊರಟಿದ್ದೆ. ನಿಮ್ಮ ಸಿಪ್ಪೆಯ ಗುಡ್ಡೆ ಕೊಳೆಯದೆ ಹೋದರೆ ಏನು ಮಾಡಲಿ ಅನ್ನುವ ಹೆದರಿಕೆ.

ಕಾಕಾ: ಇಲ್ಲಿ ಕೇಳು. ಈ ಗೋಣಿತಾಟಿನಲ್ಲಿ ಏನಿದೆ?

ಮಗಳು: ನೂರು ಕಾಳು.

ಕಾಕಾ: ಇದನ್ನು ನಾನು ಬೆಳೆಯುವುದಕ್ಕೆ ಇಟ್ಟಿದ್ದೇನಾ? ಇದರಿಂದ ಒಂದು ಹಿಡಿ ಅನ್ನವೂ ಆಗುವುದಿಲ್ಲ. ಇದು ತಿಳಿಯುವುದಕ್ಕೆ ಇಟ್ಟದ್ದು. ಅರ್ಧಕ್ಕರ್ಧ ಮೊಳೆಯದೆ ಹೋದರೆ ಪರೀಕ್ಷೆ ಸೋತಿತು ಅನ್ನುತ್ತೇವಾ? ಪರೀಕ್ಷೆ ಗೆದ್ದಿತು, ಬೀಜ ಸರಿ ಇಲ್ಲ ಅಂತ ಹೇಳಿಕೊಟ್ಟಿತು. ಕೂರಿಗೆ ಹೂಡಿ ಬಿತ್ತಿದ ಮೇಲೆ ಗೊತ್ತಾಗಿದ್ದರೆ ಬೀಜ ಹೋಗುತ್ತಿತ್ತು, ಆಳಿನ ಕೂಲಿ ಹೋಗುತ್ತಿತ್ತು, ಹದ ಹೋಗುತ್ತಿತ್ತು. ಹೋದ ಹದ ದುಡ್ಡು ಕೊಟ್ಟರೂ ಬರುವುದಿಲ್ಲ. ನೂರು ಕಾಳು ಖರ್ಚು ಮಾಡಿ ಒಂದು ವರ್ಷ ಉಳಿಸಿಕೊಂಡೆ. ನಿಮ್ಮ ಬೀಜಧನಕ್ಕೆ ಹೆಸರೇನೋ ಬೀಜ ಅಂತ ಇಟ್ಟಿದ್ದಾರೆ. ಆದರೆ ಅದು ಬಿತ್ತನೆಯ ಹಣ ಅಲ್ಲ ತಂಗಿ, ಮೊಳಕೆ ನೋಡುವ ಹಣ. ಬಿತ್ತನೆಗೆ ದಿಲ್ಲಿ ಇದೆ.

ಮಗಳು: ಮೊಳಕೆ ನೋಡುವ ಹಣ. ಇದನ್ನು ಹೀಗೇ ಬರೆಯುತ್ತೇನೆ.

ಕಾಕಾ: ಬರಿ. ಆದರೆ ಹಣ ಯಾವಾಗ ಕೈಗೆ ಬರುತ್ತದೆ ಅಂತಲೂ ಕೇಳು. ನಾನಿದ್ದಾಗ ನೋಡಿದ್ದೇನೆ. ಅರ್ಜಿ ಮಳೆಗಾಲದಲ್ಲಿ, ಸಮಿತಿ ದೀಪಾವಳಿಗೆ, ಮಂಜೂರಾತಿ ಸಂಕ್ರಾಂತಿಗೆ. ಮಾರ್ಚ್ 31ರೊಳಗೆ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕೊಡಬೇಕು. ಮಳೆಗಾಲದ ಪ್ರಯೋಗಕ್ಕೆ ಬೇಸಿಗೆಯಲ್ಲಿ ಬಂದ ಹಣದಿಂದ ಏನು ಮಾಡುವುದು? ಉಪಕರಣ ಕೊಂಡು ಕಪಾಟಿನಲ್ಲಿ ಇಡುತ್ತಿದ್ದರು. ನಿನ್ನ ಗುಡ್ಡೆಗೆ ಬೂಷ್ಟು ಹತ್ತಿಸಬೇಕಾದ್ದು ಮಿರಗ ಮಳೆಗೆ. ಅಂದರೆ ಹಣ ರೋಹಿಣಿಯೊಳಗೆ ಕೈಯಲ್ಲಿರಬೇಕು.

ಮಗಳು: ಖರೀದಿಗೂ ನಿಯಮ ಇದೆ ಕಾಕಾ. 1999ರ ಪಾರದರ್ಶಕ ಖರೀದಿ ಕಾಯ್ದೆ, ಕೊಟೇಶನ್ನು, ಹಣಕಾಸು ಅಧಿಕಾರಿಯ ಒಪ್ಪಿಗೆ. ಜನರ ದುಡ್ಡು ಅಂದ ಮೇಲೆ ಅದು ಬೇಡ ಅನ್ನಲಾಗದು.

ಕಾಕಾ: ಬೇಡ ಅನ್ನುವುದಿಲ್ಲ. ಆದರೆ ಹತ್ತು ಸಾವಿರದ ಕೆಲಸಕ್ಕೂ ಹತ್ತು ಕೋಟಿಯ ಕಟ್ಟಡಕ್ಕೂ ಒಂದೇ ಉದ್ದದ ಕಾಗದ ಬೇಕಾ? ನಿನ್ನ ಪ್ರಯೋಗಕ್ಕೆ ಏನು ಬೇಕು ಹೇಳು. ಎಂಟು ಗುಡ್ಡೆ ಸಿಪ್ಪೆ, ಅದು ಪುಕ್ಕಟೆ. ನಾಲ್ಕು ತಗಡು, ಒಂದು ಉಷ್ಣಮಾಪಕ, ಇಬ್ಬರಿಗೆ ಕೂಲಿ, ಆಮೇಲೆ ನಿನ್ನ ಪ್ರಯೋಗಾಲಯದ ಖರ್ಚು.

ಮಗಳು: ಕೊಡುವ ಹಣಕ್ಕೆ ತಕ್ಕ ಕಾಗದ ಅಂತ ಆದರೆ ಸಾಕು. ಎರಡು ಪುಟದ ಅರ್ಜಿ, ಎರಡು ಕಂತಿನ ಹಣ. ಮೊದಲ ಕಂತು ಸಣ್ಣದು, ಬೇಗ ಬರಬೇಕು. ಏನಾದರೂ ಕಂಡುಬಂದರೆ ಎರಡನೆಯ ಕಂತು. ಕಂಡುಬರದಿದ್ದರೆ ಅಲ್ಲಿಗೇ ನಿಲ್ಲಿಸಿ, ಏಕೆ ನಿಲ್ಲಿಸಿದೆ ಅಂತ ಬರೆದು, ಉಳಿದದ್ದನ್ನು ತಿರುಗಿ ಕೊಡುವುದು. ಹಾಗೆ ತಿರುಗಿ ಕೊಟ್ಟವರ ಮುಂದಿನ ಅರ್ಜಿಗೆ ಮೊದಲ ಮರ್ಯಾದೆ ಸಿಗಬೇಕು.

ಕಾಕಾ: ಅದು ಒಳ್ಳೆಯ ಮಾತು. ಆದರೆ ಆರಿಸುವುದು ಯಾರು? ತಮ್ಮವರಿಗೇ ಕೊಟ್ಟುಕೊಂಡರೆ?

ಮಗಳು: ಆ ಹೆದರಿಕೆ ಇದ್ದೇ ಇದೆ. ಒಂದೇ ಮನೆಯೊಳಗಿನ ಹಣ, ಒಂದೇ ಮನೆಯವರ ಸಮಿತಿ.

ಕಾಕಾ: ಬೀಜದ ತೆನೆ ಆರಿಸುವುದು ಹೇಗೆ ಅಂತ ನೋಡಿದ್ದೀಯಲ್ಲ? ಕಣದಲ್ಲಿ ಒಕ್ಕಿ ರಾಶಿ ಹಾಕಿದ ಮೇಲೆ ಆರಿಸುವುದಲ್ಲ. ಬೆಳೆ ನಿಂತಿರುವಾಗಲೇ ಗದ್ದೆಯಲ್ಲಿ ನಡೆದು, ಯಾವ ಬುಡ ಗಟ್ಟಿ ಇದೆ, ಯಾವುದಕ್ಕೆ ರೋಗ ಹತ್ತಿಲ್ಲ ಅಂತ ನೋಡಿ ಗುರುತು ಮಾಡುವುದು. ನಿಮ್ಮ ಸಮಿತಿಯವರೂ ಹಾಗೆ ನಡೆಯಲಿ. ಪ್ರಯೋಗಾಲಯಕ್ಕೆ, ತೋಟಕ್ಕೆ, ಗ್ರಂಥಾಲಯಕ್ಕೆ ಹೋಗಿ, ಕೆಲಸ ಮಾಡುವವನ ಹತ್ತಿರ ನಿನ್ನ ಯೋಚನೆ ಏನು ಅಂತ ಕೇಳಲಿ. ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ಬಾರದವನು ಕನ್ನಡದಲ್ಲಿ ಬಾಯಲ್ಲಿ ಹೇಳಲಿ. ಸಮಿತಿಯಲ್ಲಿ ಹೊರಗಿನವರು ಇಬ್ಬರಿರಲಿ, ಒಬ್ಬ ರೈತನೂ ಇರಲಿ. ಯಾರಿಗೆ ಕೊಟ್ಟರು, ಯಾಕೆ ಕೊಟ್ಟರು ಅಂತ ಎಲ್ಲರಿಗೂ ಕಾಣುವ ಹಾಗೆ ಬರೆದು ಹಾಕಲಿ.

ಮಗಳು: ಇಲ್ಲಿ ಶಿರಸಿಯಲ್ಲೇ ಅರಣ್ಯ ಮಹಾವಿದ್ಯಾಲಯ ಇದೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು. ಕೃಷಿ ವಿಜ್ಞಾನ ಕೇಂದ್ರ ಇದೆ. 2008ರಲ್ಲಿ ಶುರುವಾದ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೂ ಇದೆ. ನಮ್ಮ ಕಾಡು, ನಮ್ಮ ತೋಟದ ನಡುವೆಯೇ ಇವೆಲ್ಲ ಇವೆ. ಇಂಥ ಕಡೆ ದಿನಾ ಗಿಡ ಮುಟ್ಟುವವರು ಎಷ್ಟು ಜನ ಇರಬಹುದು ಕಾಕಾ. ಅವರಲ್ಲಿ ಒಬ್ಬೊಬ್ಬರ ತಲೆಯಲ್ಲೂ ನಿಮ್ಮ ಸಿಪ್ಪೆ ಗುಡ್ಡೆಯಂಥ ಒಂದು ಪ್ರಶ್ನೆ ಇರಬಹುದು.

ಕಾಕಾ: ಇರಬಹುದು ಅಲ್ಲ, ಇದೆ. ನನಗೆ ಗೊತ್ತು. ನಿವೃತ್ತಿಯ ದಿನ ಹಾರ ಹಾಕಿ, ಶಾಲು ಹೊದಿಸಿ ಕಳಿಸುತ್ತಾರೆ. ಆ ಪ್ರಶ್ನೆಯೂ ಅವರ ಜೊತೆಗೇ ಮನೆಗೆ ಹೋಗುತ್ತದೆ.

ಮಗಳು: ನಿಮ್ಮದು ಹಾಗೆ ಹೋಗಬಾರದು. ಅರ್ಜಿಯಲ್ಲಿ ಪ್ರಧಾನ ಸಂಶೋಧಕರ ಕೆಳಗೆ ಸಹಸಂಶೋಧಕರು ಅಂತ ಒಂದು ಸಾಲು ಇದೆ. ನಿವೃತ್ತ ಕ್ಷೇತ್ರ ಸಹಾಯಕರು, ದಾಸನಕೊಪ್ಪ ಅಂತ ನಿಮ್ಮ ಹೆಸರು ಹಾಕುತ್ತೇನೆ. ಒಪ್ಪದಿದ್ದರೆ ಯಾಕೆ ಅಂತ ಬರೆದುಕೊಡಿ ಅನ್ನುತ್ತೇನೆ.

ಕಾಕಾ: ಜಗಳ ಮಾಡಬೇಡ.

ಮಗಳು: ಜಗಳ ಅಲ್ಲ ಕಾಕಾ, ಕೇಳುವುದು. ನೀವು ಒಂದು ಸಲ ಕೇಳಿ ಬಿಟ್ಟಿರಿ. ಎರಡನೆಯ ಸಲ ನಾನು ಕೇಳುತ್ತೇನೆ.

ಕಾಕಾ: ಹಾಗಾದರೆ ಆ ಮೂಲೆಯ ಕಟ್ಟು ತಾ. ಐದು ದಿನದ್ದು. ಬೆಳಕು ಇರುವಾಗಲೇ ಎಣಿಸೋಣ. ನೀನು ಮೊಳೆತದ್ದನ್ನು ಎಣಿಸು, ನಾನು ಮೊಳೆಯದ್ದನ್ನು. ಎರಡೂ ಸೇರಿ ನೂರಾಗಬೇಕು.

ಮಗಳು: ...ಐವತ್ತೊಂಬತ್ತು, ಅರವತ್ತು, ಅರವತ್ತೊಂದು. ಅಷ್ಟೇ ಕಾಕಾ.

ಕಾಕಾ: ನನ್ನದು ಮೂವತ್ತೊಂಬತ್ತು. ಲೆಕ್ಕ ಸರಿ ಇದೆ. ಹಿಂದಿನ ಕೋಣೆಗೆ ಗಾಳಿಯ ತೇವ ಹೊಡೆದಿತ್ತು, ಅದೇ ಇರಬೇಕು. ಆ ಚೀಲ ಬಿತ್ತನೆಗೆ ಬೇಡ, ಅಕ್ಕಿ ಮಾಡಿಸೋಣ.

ಮಗಳು: ಬೇಜಾರಾಯಿತಾ?

ಕಾಕಾ: ಯಾಕೆ ಬೇಜಾರು? ಇವತ್ತು ಗೊತ್ತಾಯಿತಲ್ಲ. ಆ ಗೋಡೆಯ ಮೊಳೆಗೆ ನನ್ನ ಪುಸ್ತಕ ತೂಗಿದೆ, ತೆಗೆ. ತಾರೀಖು ಹಾಕು. ಹಿಂದಿನ ಕೋಣೆ, ನೂರಕ್ಕೆ 61 ಅಂತ ಬರಿ. ಆಮೇಲೆ ನಿನ್ನ ಅರ್ಜಿ ತೆಗೆದುಕೊಂಡು ಕೂತುಕೋ. ದೀಪ ಹಚ್ಚುತ್ತೇನೆ.